ಬಿ ಸ್ಲ್ಯಾಶ್ 4827

ಈ ಸಲದ ದಸರಾ ರಜೆಯಲ್ಲಿ ಜೋಗಕ್ಕೂ ಹೋಗಲಿಲ್ಲ, ಆಗುಂಬೆಗೂ ಹೋಗಲಿಲ್ಲ. ಶಿವಮೊಗ್ಗದಲ್ಲಿ ಚಿಕ್ಕಪ್ಪನ ಪುಸ್ತಕದಂಗಡಿಯ ಹಿಂದಿನ ಕೋಣೆಯಲ್ಲಿ, ಬೈಂಡಿಂಗ್ ಗೋಂದಿನ ವಾಸನೆ ಕುಡಿಯುತ್ತಾ, ನಾಲ್ಕು ದಿನ ಯುಆರ್‌ಎಲ್ ರಿಪೇರಿ ಮಾಡಿದೆ. "ಯುಆರ್‌ಎಲ್ ರಿಪೇರಿಗೆ ನಾಲ್ಕು ದಿನವಾ?" ಅಂತ ನಮ್ಮ ಟೀಮಿನವರು ನಕ್ಕರು. ನಗಲಿ.

ಶುರುವಾಗಿದ್ದು ಒಂದು ಫೋನ್ ಕರೆಯಿಂದ. ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಚಿಕ್ಕಪ್ಪನ ಹಳೇ ಗಿರಾಕಿ. ಅವರಿಗೆ ವಾಟ್ಸಾಪ್ ಇಲ್ಲ, ಮಗಳ ಕಂಪ್ಯೂಟರ್ ಇದೆ. ಒಂದು ಪುಸ್ತಕದ ಪುಟ ನೋಡಬೇಕು, ಲಿಂಕ್ ಹೇಳಿ ಅಂದಿದ್ದರು. ಚಿಕ್ಕಪ್ಪ ಕನ್ನಡಕ ಏರಿಸಿ ಪರದೆ ನೋಡಿಕೊಂಡು ಹೇಳತೊಡಗಿದರು.

"ಬರ್ಕೊಳ್ಳಿ ಸಾರ್. ಅಂಗಡಿ ಹೆಸರು, ಡಾಟ್ ಇನ್. ಆಮೇಲೆ ಓರೆ ಗೆರೆ. ಬುಕ್‌ಸ್ಟೋರ್, ಸಣ್ಣ ಗೆರೆ, ಒಂದು ಡಾಟ್ ಎರಡು. ಮತ್ತೆ ಓರೆ ಗೆರೆ. ಶೋಬುಕ್... ಬಿ ದೊಡ್ಡಕ್ಷರ ಸಾರ್. ಡಾಟ್ ಡು. ಡಿ, ಓ. ಸೆಮಿಕೋಲನ್. ಜೆ ಸೆಷನ್ ಐಡಿ. ಈಕ್ವಲ್ ಟು. ಎ, 7, ಎಫ್, 3, 0... ಸೊನ್ನೆ ಸಾರ್, ಓ ಅಲ್ಲ..."

ಹನ್ನೊಂದನೇ ಅಕ್ಷರಕ್ಕೆ ಮೇಷ್ಟ್ರೇ ಕೈಚೆಲ್ಲಿದರು ಅನ್ನಿಸುತ್ತೆ. ಇನ್ನೂ ಇಪ್ಪತ್ತೊಂದು ಅಕ್ಷರ ಬಾಕಿ ಇತ್ತು, ಅದಾದ ಮೇಲೆ ಪ್ರಶ್ನಾರ್ಥಕ ಚಿಹ್ನೆ, ಐಡಿ, ಭಾಷೆ ಎಲ್ಲ. "ಬೇಡ ಬಿಡಿ ಸಾರ್, ಪುಸ್ತಕನೇ ಪಾರ್ಸೆಲ್ ಹಾಕ್ತೀನಿ, ಬೇಡ ಅನ್ಸಿದ್ರೆ ವಾಪಸ್ ಕಳ್ಸಿ" ಅಂತ ಚಿಕ್ಕಪ್ಪ ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ನೀನು ಬೆಂಗಳೂರಲ್ಲಿ ಇದೇ ಕೆಲಸ ಅಲ್ವನೋ ಮಾಡೋದು?"

ಹೌದು. ಎಂಟು ವರ್ಷದಿಂದ ಜಾವಾ. ತಪ್ಪಿಸಿಕೊಳ್ಳೋಕೆ ದಾರಿ ಇರಲಿಲ್ಲ.

ಈ ವೆಬ್‌ಸೈಟ್ 2012ರಲ್ಲಿ ಯಾರೋ ಕಂಟ್ರಾಕ್ಟರ್ ಮಾಡಿಕೊಟ್ಟದ್ದು. ಸ್ಟ್ರಟ್ಸ್ 1, ಜೆಎಸ್‌ಪಿ, ಟಾಮ್‌ಕ್ಯಾಟ್ 7. ಸ್ಟ್ರಟ್ಸ್ 1ಕ್ಕೆ 2013ರಲ್ಲೇ, ಟಾಮ್‌ಕ್ಯಾಟ್ 7ಕ್ಕೆ 2021ರ ಮಾರ್ಚ್‌ನಲ್ಲಿ ಬೆಂಬಲ ನಿಂತುಹೋಗಿದೆ. ಪೂರ್ತಿ ಕಿತ್ತು ಹೊಸದು ಕಟ್ಟಬೇಕು ಅನ್ನೋದು ಸರಿಯಾದ ಉತ್ತರ. ಆದರೆ ನವೆಂಬರ್ ಎದುರಿಗಿತ್ತು. ಕನ್ನಡ ಪುಸ್ತಕದಂಗಡಿಗೆ ನವೆಂಬರ್ ಅಂದರೆ ಬಟ್ಟೆ ಅಂಗಡಿಗೆ ದೀಪಾವಳಿ ಇದ್ದ ಹಾಗೆ. ಕಿತ್ತುಹಾಕೋ ಮಾತು ಆಗ ಎತ್ತುವ ಹಾಗಿಲ್ಲ. ಒಳಗಿನ ಕೋಡ್ ಮುಟ್ಟದೆ ಹೊರಗಿನ ವಿಳಾಸ ಮಾತ್ರ ಶುದ್ಧ ಮಾಡೋದು ಅಂತ ತೀರ್ಮಾನಿಸಿದೆ.

ಒಂದು ಮಾತು: ಇಲ್ಲಿ ವಿಳಾಸಗಳನ್ನೆಲ್ಲ ಫೋನಿನಲ್ಲಿ ಓದಿ ಹೇಳಿದ ಹಾಗೇ ಬರೆಯುತ್ತೇನೆ. ಬಾಯಲ್ಲಿ ಹೇಳೋಕೆ ಬರುತ್ತಾ ಇಲ್ವಾ ಅನ್ನೋದೇ ಇಡೀ ಕಥೆ.

ಆ ಹಳೇ ವಿಳಾಸದಲ್ಲಿ ಏನೇನಿತ್ತು ನೋಡಿ. 'ಬುಕ್‌ಸ್ಟೋರ್ 1.2' ಅನ್ನೋದು ಸರ್ವರ್‌ಗೆ ಹಾಕಿದ ವಾರ್ ಫೈಲಿನ ಹೆಸರು. ಟಾಮ್‌ಕ್ಯಾಟ್ ಆ ಹೆಸರನ್ನೇ ವಿಳಾಸದ ಮೊದಲ ಭಾಗ ಮಾಡಿಕೊಳ್ಳುತ್ತೆ. ಫೈಲಿಗೆ 'ರೂಟ್' ಅಂತ ದೊಡ್ಡಕ್ಷರದಲ್ಲಿ ಹೆಸರಿಟ್ಟಿದ್ದರೆ ಅದು ಕಾಣಿಸುತ್ತಲೇ ಇರಲಿಲ್ಲ. 'ಡಾಟ್ ಡು' ಅನ್ನೋದು ಸ್ಟ್ರಟ್ಸ್ ಕಾಲದ ರೂಢಿ. ಯಾವ ಕೋರಿಕೆ ಯಾರ ಹತ್ತಿರ ಹೋಗಬೇಕು ಅಂತ ಸರ್ವ್‌ಲೆಟ್ ಕಂಟೇನರ್‌ಗೆ ಒಂದು ಕ್ರಮ ಇದೆ: ಮೊದಲು ಅಕ್ಷರಶಃ ಹೊಂದುವ ವಿಳಾಸ, ಆಮೇಲೆ ಅತಿ ಉದ್ದವಾಗಿ ಹೊಂದುವ ದಾರಿ, ಆಮೇಲೆ ಬಾಲದ ಎಕ್ಸ್‌ಟೆನ್ಶನ್, ಯಾವುದೂ ಇಲ್ಲದಿದ್ದರೆ ಡೀಫಾಲ್ಟ್ ಸರ್ವ್‌ಲೆಟ್. ಬಾಲದಲ್ಲಿ 'ಡಾಟ್ ಡು' ಇದ್ದರೆ ಸ್ಟ್ರಟ್ಸ್‌ಗೆ, ಚಿತ್ರ-ಸಿಎಸ್‌ಎಸ್ ಆದರೆ ಡೀಫಾಲ್ಟ್‌ಗೆ ಅಂತ ಸುಲಭಕ್ಕೆ ಹಂಚಿಕೊಂಡಿದ್ದರು. 'ಲ್ಯಾಂಗ್ ಈಕ್ವಲ್ಸ್ ಕೆಎನ್' ಅಂತ ಕೊನೆಯಲ್ಲಿ ಬೇರೆ. ಕನ್ನಡ ಬಿಟ್ಟು ಇನ್ನೊಂದು ಭಾಷೆ ಆ ಸೈಟಿನಲ್ಲಿ ಯಾವತ್ತೂ ಇರಲಿಲ್ಲ!

ಮನೆಗೆ ಬರೋರಿಗೆ ದಾರಿ ಹೇಳುವಾಗ ರಸ್ತೆ ಹೆಸರು, ಮನೆ ನಂಬರ್ ಹೇಳ್ತೀವಿ. 'ಅಡುಗೆಮನೆಯ ಎಡಗಡೆ, ಸ್ಟೀಲ್ ಬೀರು, ಎರಡನೇ ಖಾನೆ' ಅಂತ ಹೇಳಲ್ಲ. ನಾಳೆ ಬೀರು ಜಾಗ ಬದಲಾದರೆ? ವೆಬ್ಬನ್ನು ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ 'ಕೂಲ್ ಯುಆರ್‌ಐಸ್ ಡೋಂಟ್ ಚೇಂಜ್' ಅಂತ ಒಂದು ಪುಟ್ಟ ಬರಹದಲ್ಲಿ ಇದನ್ನೇ ಹೇಳಿದ್ದರು. ಫೈಲಿನ ಎಕ್ಸ್‌ಟೆನ್ಶನ್, ಒಳಗೆ ಓಡುವ ಸಾಫ್ಟ್‌ವೇರಿನ ಗುರುತು, ಇವೆಲ್ಲ ಬದಲಾಗುವಂಥವು, ವಿಳಾಸದಿಂದ ಹೊರಗಿಡಿ ಅಂತ.

ಇದೆಲ್ಲ ಅಂದಗೇಡು ಅಷ್ಟೇ, ಅಪಾಯ ಅಲ್ಲ. ಅಪಾಯ ಇದ್ದದ್ದು ಸೆಮಿಕೋಲನ್ ಆದ ಮೇಲೆ.

ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಟೋಕನ್ ಕೊಡ್ತಾರಲ್ಲ, ಜೆಸೆಷನ್‌ಐಡಿ ಅಂದರೆ ಅದೇ. ಮುಖ ಯಾರೂ ನೋಡಲ್ಲ, ಟೋಕನ್ ತೋರಿಸಿದವರಿಗೆ ಚಪ್ಪಲಿ. ಸಾಮಾನ್ಯವಾಗಿ ಈ ಟೋಕನ್ ಕುಕಿಯಲ್ಲಿ ಇರುತ್ತೆ, ಅಂದರೆ ನಿಮ್ಮ ಜೇಬಿನಲ್ಲಿ. ಆದರೆ ಹೊಸದಾಗಿ ಬಂದ ಬ್ರೌಸರ್ ಕುಕಿ ಒಪ್ಪುತ್ತೋ ಇಲ್ವೋ ಅಂತ ಸರ್ವರ್‌ಗೆ ಮೊದಲ ಪುಟ ಕೊಡುವಾಗ ಗೊತ್ತಿರಲ್ಲ. ಅದಕ್ಕೆ ಎರಡೂ ಮಾಡುತ್ತೆ: ಕುಕಿಯನ್ನೂ ಕಳಿಸುತ್ತೆ, ಆ ಪುಟದ ಲಿಂಕುಗಳ ಬಾಲಕ್ಕೂ ಟೋಕನ್ ಅಂಟಿಸುತ್ತೆ. ಮುಂದಿನ ಸಲ ಕುಕಿ ವಾಪಸ್ ಬಂದರೆ ಅಂಟಿಸೋದು ನಿಲ್ಲಿಸುತ್ತೆ. ಟಾಮ್‌ಕ್ಯಾಟಿನ ತಪ್ಪೇನಿಲ್ಲ, ಸರ್ವ್‌ಲೆಟ್ ನಿಯಮದಲ್ಲೇ ಹಾಗಿದೆ. ಬೇಡ ಅನ್ನೋದನ್ನ ಅಪ್ಲಿಕೇಶನ್ ಬರೆದವರು ಹೇಳಬೇಕು.

ಚಿಕ್ಕಪ್ಪ ದಿನಾ ಬೆಳಿಗ್ಗೆ ಬ್ರೌಸರ್ ತೆರೆದು, ಹೊಸ ಪುಸ್ತಕದ ಮೇಲೆ ಮೊದಲ ಕ್ಲಿಕ್ ಮಾಡಿ, ಆ ವಿಳಾಸವನ್ನು ಕಾಪಿ ಮಾಡಿ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕ್ತಾರೆ. ಆಮೇಲೆ ಅದೇ ಬ್ರೌಸರಿನಲ್ಲಿ ಅಡ್ಮಿನ್ ಆಗಿ ಲಾಗಿನ್ ಆಗ್ತಾರೆ.

ಇದನ್ನ ಕೇಳಿಸಿಕೊಂಡಾಗ ನನಗೆ ಕೈ ತಣ್ಣಗಾಯ್ತು. ಲಾಗಿನ್ ಆದಾಗ ಟೋಕನ್ ಬದಲಾಗ್ತಿರಲಿಲ್ಲ. ಅಂದರೆ ಬೆಳಿಗ್ಗೆ ಗುಂಪಿಗೆ ಹೋದ ಲಿಂಕಿನಲ್ಲಿರುವ ಟೋಕನ್, ಹತ್ತು ನಿಮಿಷದ ನಂತರ ಯಜಮಾನರ ಟೋಕನ್. ಆ ಸೈಟಿಗೆ ಮೊದಲ ಸಲ ಬರುವವರು ಯಾರೇ ಆ ಲಿಂಕ್ ಒತ್ತಿದರೂ ಅವರು ಚಿಕ್ಕಪ್ಪನೇ. ಯಾರೂ ಬಳಸದಿದ್ದರೆ ಸೆಷನ್ ಅರ್ಧ ಗಂಟೆಗೆ ಸಾಯುತ್ತೆ, ನಿಜ. ಆದರೆ ಚಿಕ್ಕಪ್ಪ ದಿನವಿಡೀ ಅದೇ ಸೆಷನ್ನಿನಲ್ಲಿ ಬಿಲ್ ಹಾಕ್ತಾ ಕೂರ್ತಾರೆ.

"ಚಿಕ್ಕಪ್ಪ, ಯಾವತ್ತಾದ್ರೂ ನೀವು ಮಾಡದೇ ಇರೋದು ಸೈಟಲ್ಲಿ ತನ್ನಷ್ಟಕ್ಕೆ ಆಗಿದ್ದು ಉಂಟಾ?"

ಅವರು ತಕ್ಷಣ ಮಾತಾಡಲಿಲ್ಲ. ಆಮೇಲೆ ಹೇಳಿದರು. ಎರಡು ವರ್ಷದ ಹಿಂದಿನ ನವೆಂಬರಿನಲ್ಲಿ, ಚೆನ್ನಾಗಿ ಓಡುತ್ತಿದ್ದ ಮೂರು ಪುಸ್ತಕಗಳಿಗೆ 'ಸ್ಟಾಕ್ ಮುಗಿದಿದೆ' ಅಂತ ಬಿದ್ದಿತ್ತು. ಕಪಾಟಿನಲ್ಲಿ ನೂರಿನ್ನೂರು ಪ್ರತಿ ಇದ್ದವು. ಒಂದು ವಾರ ಯಾರೂ ಗಮನಿಸಲಿಲ್ಲ. ಅಡ್ಮಿನ್ ಪಾಸ್‌ವರ್ಡ್ ಇದ್ದದ್ದು ಇಬ್ಬರಿಗೆ, ಚಿಕ್ಕಪ್ಪನಿಗೆ ಮತ್ತು ಪಾರ್ಸೆಲ್ ಕಟ್ಟುತ್ತಿದ್ದ ಹುಡುಗನಿಗೆ. "ನಾನು ಮುಟ್ಟಿಲ್ಲ ಸಾರ್" ಅಂದನಂತೆ. ಚಿಕ್ಕಪ್ಪ ಬೈಯಲಿಲ್ಲ, ಪಾಸ್‌ವರ್ಡ್ ಬದಲಿಸಿದರು ಅಷ್ಟೆ. ಹೊಸದನ್ನು ಅವನಿಗೆ ಹೇಳಲಿಲ್ಲ. ತಿಂಗಳೊಳಗೆ ಹುಡುಗ ಕೆಲಸ ಬಿಟ್ಟ. ಈಗ ಭದ್ರಾವತಿಯಲ್ಲಿ ಯಾವುದೋ ಮೊಬೈಲ್ ಅಂಗಡಿಯಲ್ಲಿ ಇದ್ದಾನೆ.

ಟಾಮ್‌ಕ್ಯಾಟ್ 7 ತನ್ನ ಆಕ್ಸೆಸ್ ಲಾಗ್ ಫೈಲುಗಳನ್ನು ತಾನಾಗಿ ಅಳಿಸಲ್ಲ. ದಿನಕ್ಕೊಂದು ಫೈಲ್, 2012ರಿಂದ ಬಿದ್ದುಕೊಂಡಿದ್ದವು. ಸ್ಟಾಕ್ ಬದಲಾದ ತಾರೀಖು ಡೇಟಾಬೇಸಿನಲ್ಲಿತ್ತು. ಆ ದಿನದ ಫೈಲ್ ತೆರೆದೆ. ಬೆಳಿಗ್ಗೆ 10.12ಕ್ಕೆ ಅಂಗಡಿಯ ಐಪಿಯಿಂದ ಒಂದು ಸೆಷನ್. ಮಧ್ಯಾಹ್ನ 2.40ಕ್ಕೆ ಅದೇ ಮೂವತ್ತೆರಡು ಅಕ್ಷರ, ಆದರೆ ಐಪಿ ಬೇರೆ, ಯಾವುದೋ ಮೊಬೈಲ್ ನೆಟ್‌ವರ್ಕಿನದು. ಪುಸ್ತಕ ನೋಡಿದ್ದಾರೆ, ಸ್ಟಾಕ್ ಬಟನ್ ಒತ್ತಿದ್ದಾರೆ, ಇನ್ನೊಂದು ಪುಸ್ತಕ, ಮತ್ತೆ ಬಟನ್. ಮೂರು ಸಲ. ಕೆಟ್ಟ ಉದ್ದೇಶ ಇತ್ತು ಅಂತ ನನಗನ್ನಿಸಲ್ಲ. 'ಸ್ಟಾಕ್ ಇದೆಯಾ' ಅಂತ ಕೇಳುವ ಬಟನ್ ಅಂದುಕೊಂಡಿರಬೇಕು ಪಾಪ.

ಎರಡೂ ಸಾಲುಗಳನ್ನು ಚಿಕ್ಕಪ್ಪನಿಗೆ ತೋರಿಸಿದೆ. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಹೋಲಿಸಿ ನೋಡಿದರು. "ಹೂಂ" ಅಂದರು. ಎದ್ದು ಹೋಗಿ ಶಟರ್ ಅರ್ಧ ಎಳೆದು ಬಂದರು. ಅವತ್ತು ಮತ್ತೆ ಆ ವಿಷಯ ಬರಲಿಲ್ಲ.

ಮೊದಲು ಮಾಡಿದ್ದು ಆ ತೂತು ಮುಚ್ಚಿದ್ದು. 2009ರ ಸರ್ವ್‌ಲೆಟ್ 3.0ಯಿಂದ ಇದಕ್ಕೆ ಸುಲಭ ದಾರಿ ಇದೆ: ವೆಬ್ ಡಾಟ್ ಎಕ್ಸ್‌ಎಂಎಲ್ ಫೈಲಿನ ಸೆಷನ್ ಕಾನ್ಫಿಗ್ ಒಳಗೆ 'ಟ್ರ್ಯಾಕಿಂಗ್ ಮೋಡ್' ಅಂತ ಹಾಕಿ 'ಕುಕಿ' ಅಂತ ಬರೆದರೆ ಮುಗೀತು, ಟೋಕನ್ ವಿಳಾಸಕ್ಕೆ ಅಂಟಲ್ಲ. ಯಾರಾದರೂ ಹಳೇ ಲಿಂಕಿನಲ್ಲಿ ತಂದರೂ ಅದಕ್ಕೆ ಬೆಲೆ ಇಲ್ಲ. ಆ ಫೈಲಿನ ತಲೆಯಲ್ಲಿ ಆವೃತ್ತಿ 2.4 ಅಂತಿತ್ತು, ಅದನ್ನು 3.0 ಮಾಡಬೇಕಾಯ್ತು. ಜೊತೆಗೆ ಲಾಗಿನ್ ಆದ ತಕ್ಷಣ ಹಳೇ ಸೆಷನ್ ಎಸೆದು ಹೊಸದು ಕೊಡುವ ಎರಡು ಸಾಲು. ನೀವೂ ಆಫೀಸಿನಲ್ಲಿ ಹಳೇ ಜಾವಾ ಸಾಕ್ತಾ ಇದ್ದರೆ, ಈ ಲೇಖನ ಮುಗಿಸೋ ಮೊದಲೇ ಹೋಗಿ ಈ ಎರಡನ್ನು ನೋಡಿಬಿಡಿ. ನಾನು ಇಲ್ಲೇ ಇರ್ತೀನಿ.

ಇನ್ನು ವಿಳಾಸ ಚೊಕ್ಕ ಮಾಡೋದು. ಹೊಸ ಅಪ್ಲಿಕೇಶನ್ ಆಗಿದ್ದರೆ ಇದು ವಿಷಯವೇ ಅಲ್ಲ. ಸ್ಪ್ರಿಂಗ್ 3.0 ಬಂದಾಗಿನಿಂದ ಪಾತ್ ವೇರಿಯಬಲ್ ಇದೆ, ಮೆಥಡ್ ತಲೆಯ ಮೇಲೆ 'ಸ್ಲ್ಯಾಶ್ ಬುಕ್ ಸ್ಲ್ಯಾಶ್, ಆವರಣದಲ್ಲಿ ಐಡಿ' ಅಂತ ಬರೆದರೆ ಆಯ್ತು. ಡಿಸ್ಪ್ಯಾಚರ್ ಸರ್ವ್‌ಲೆಟ್ಟನ್ನು ಬರೀ ಸ್ಲ್ಯಾಶ್‌ಗೆ ಕಟ್ಟಬೇಕು, ಸ್ಲ್ಯಾಶ್-ನಕ್ಷತ್ರಕ್ಕೆ ಕಟ್ಟಿದರೆ ಜೆಎಸ್‌ಪಿಗೆ ಕಳಿಸಿದ್ದೂ ತಿರುಗಿ ಅಲ್ಲಿಗೇ ಬಂದು 404 ಆಗುತ್ತೆ. ಸ್ಪ್ರಿಂಗ್ ಬೂಟ್ 3ಕ್ಕೆ ಏರಿದವರಿಗೆ ಕೊನೆಯ ಸ್ಲ್ಯಾಶ್ ಇರುವ ಮತ್ತು ಇಲ್ಲದ ವಿಳಾಸ ಬೇರೆ ಬೇರೆ ಅಂತ ನೆನಪಿರಲಿ. ನಮ್ಮ ಆಫೀಸಿನಲ್ಲಿ ಒಂದು ಶುಕ್ರವಾರ ಸಂಜೆ ಹೋಗಿದ್ದು ಅದರಿಂದಲೇ.

ಚಿಕ್ಕಪ್ಪನ ಸೈಟಿಗೆ ಸ್ಪ್ರಿಂಗ್ ಇಲ್ಲ. ಅದಕ್ಕೆ ಟಕ್ಕಿ ಅವರ ಯುಆರ್‌ಎಲ್‌ರಿರೈಟ್‌ಫಿಲ್ಟರ್ ಹಾಕಿದೆ. ಅಪಾಚೆ ಸರ್ವರಿನ ಮಾಡ್‌ರಿರೈಟ್ ಮಾಡುವ ಕೆಲಸವನ್ನೇ ಜಾವಾ ಒಳಗೆ ಮಾಡುವ ಒಂದು ಜಾರ್ ಫೈಲ್. ಟಾಮ್‌ಕ್ಯಾಟ್ 8 ಆಗಿದ್ದರೆ ಅದರಲ್ಲೇ ರಿರೈಟ್ ವಾಲ್ವ್ ಇರುತ್ತಿತ್ತು. ಕೋರಿಕೆ ಬಾಗಿಲು ದಾಟುವಾಗಲೇ ಫಿಲ್ಟರ್ ಹಿಡಿದು, 'ಬಿ ಸ್ಲ್ಯಾಶ್ 4827' ಅಂತ ಬಂದರೆ ಒಳಗೊಳಗೇ 'ಶೋಬುಕ್ ಡಾಟ್ ಡು, ಐಡಿ 4827' ಅಂತ ತಿರುಗಿಸಿ ಸ್ಟ್ರಟ್ಸ್ ಕೈಗೆ ಕೊಡುತ್ತೆ. ಸ್ಟ್ರಟ್ಸ್‌ಗೆ ಏನೂ ಗೊತ್ತಾಗಲ್ಲ.

ಹೇಳೋಕೆ ಎರಡು ವಾಕ್ಯ. ಮಾಡುವಾಗ ನಾನು ಸರಿಯಾಗಿ ಎಡವಿದೆ.

ಮೊದಲ ಎಡವಟ್ಟು: ಪುಟ ಬಟ್ಟೆ ಕಳಚಿಕೊಂಡು ಬಂತು. ಸಿಎಸ್‌ಎಸ್ ಇಲ್ಲ, ಚಿತ್ರ ಇಲ್ಲ. ಜೆಎಸ್‌ಪಿಗಳಲ್ಲಿ ಚಿತ್ರದ ದಾರಿಯನ್ನು 'ಇಲ್ಲಿಂದ ಪಕ್ಕದಲ್ಲಿ' ಅನ್ನೋ ತರ ಬರೆದಿದ್ದರು. 'ಬಿ ಸ್ಲ್ಯಾಶ್ 4827' ಆದಮೇಲೆ ಬ್ರೌಸರಿನ ಲೆಕ್ಕದಲ್ಲಿ 'ಇಲ್ಲಿ' ಅನ್ನೋದೇ ಬೇರೆ ಕಡೆ ಹೋಯ್ತು. ನಲವತ್ತೊಂದು ಜೆಎಸ್‌ಪಿ, ಒಂದೊಂದರಲ್ಲೂ ಸಿ-ಯುಆರ್‌ಎಲ್ ಟ್ಯಾಗ್ ಹಾಕಿ ಸರಿಪಡಿಸಿದೆ. ಒಂದು ರಾತ್ರಿ ಪೂರ್ತಿ ಅದಕ್ಕೇ ಹೋಯ್ತು. ಚಿಕ್ಕಮ್ಮ ಹನ್ನೊಂದಕ್ಕೊಮ್ಮೆ, ಒಂದಕ್ಕೊಮ್ಮೆ ಕಾಫಿ ತಂದಿಟ್ಟು ಹೋದರು.

ಎರಡನೆಯದು ಇನ್ನೂ ಚಂದ. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸೋಕೆ 301 ನಿಯಮ ಬರೆದೆ. 'ಐಡಿ ಈಕ್ವಲ್ಸ್' ಅನ್ನೋ ಭಾಗವೂ ಹೊಂದಿಕೆಗೆ ಸಿಗಬೇಕಾದರೆ 'ಯೂಸ್ ಕ್ವೆರಿ ಸ್ಟ್ರಿಂಗ್' ಅಂತ ಮೊದಲೇ ಹೇಳಬೇಕು, ಅದು ಗೊತ್ತಾಗೋಕೆ ಒಂದು ಗಂಟೆ ಹಿಡಿಯಿತು. ಆಮೇಲೆ ನೋಡಿದರೆ ಪುಟ ಗಿರಗಿರನೆ ತಿರುಗಿ 'ತುಂಬಾ ರೀಡೈರೆಕ್ಟ್' ಅಂತ ನಿಂತಿತು. ಹೊಸದು ಒಳಗೆ ಹಳೆಯದಾಗ್ತಿತ್ತು, ಹಳೆಯದನ್ನು ನೋಡಿ ನನ್ನದೇ ಇನ್ನೊಂದು ನಿಯಮ ಹೊಸದಕ್ಕೆ ಅಟ್ಟುತ್ತಿತ್ತು. ಉದಾಹರಣೆಯಿಂದ ಕಾಪಿ ಮಾಡುವಾಗ ಫಿಲ್ಟರನ್ನು ಹೊರಗಿಂದ ಬರುವ ಕೋರಿಕೆಗೂ ಒಳಗಿನ ಫಾರ್ವರ್ಡ್‌ಗೂ ಎರಡಕ್ಕೂ ಕಟ್ಟಿದ್ದೆ. ಫಾರ್ವರ್ಡ್ ತೆಗೆದು, ಮೊದಲ ನಿಯಮಕ್ಕೆ 'ಲಾಸ್ಟ್' ಅಂತ ಹಾಕಿದಾಗ ನಿಂತಿತು. ನಿಂತಿತು ಅಂದರೆ ನನ್ನ ಲ್ಯಾಪ್‌ಟಾಪಿನಲ್ಲಿ. ಚಿಕ್ಕಪ್ಪನ ಬ್ರೌಸರ್ ಮಾತ್ರ ತಿರುಗುತ್ತಲೇ ಇತ್ತು. 301 ಅಂದರೆ 'ಶಾಶ್ವತವಾಗಿ ಮನೆ ಬದಲಾಯಿಸಿದ್ದಾರೆ' ಅಂತ ಅರ್ಥ, ಬ್ರೌಸರ್ ಅದನ್ನು ನೆನಪಿಟ್ಟುಕೊಂಡು ಮತ್ತೆ ಸರ್ವರನ್ನು ಕೇಳೋದೇ ಇಲ್ಲ. ಪರೀಕ್ಷೆ ಮಾಡುವಾಗ 302 ಇಟ್ಟುಕೊಂಡು, ಎಲ್ಲ ಸರಿ ಅಂತಾದ ಮೇಲೆ 301 ಮಾಡಬೇಕಿತ್ತು. ಹೊಸಬರಿಗೆ ನಾನೇ ಪಾಠ ಹೇಳ್ತೀನಿ ಇದನ್ನ, ಆಫೀಸಿನಲ್ಲಿ.

ಮೂರನೆಯದಕ್ಕೆ ನಗು ಬರಲಿಲ್ಲ. ಪುಸ್ತಕದ ಪುಟಗಳಿಗೆ ಮಾತ್ರ ಹಳೇ-ಹೊಸ ನಿಯಮ ಬರೆದು, ವಾರ್ ಫೈಲಿಗೆ 'ರೂಟ್' ಅಂತ ಹೆಸರಿಟ್ಟು ಏರಿಸಿದ್ದೆ. ಮರುದಿನ ಅಂಗಡಿಗೆ ಬಂದ ಹುಡುಗಿಯೊಬ್ಬಳು ಬುಕ್‌ಮಾರ್ಕ್ ಹಿಡಿದು "ಇದು ಓಪನ್ ಆಗ್ತಿಲ್ಲ" ಅಂದಳು. ಹೋದ ವರ್ಷ ಚಿಕ್ಕಪ್ಪ ಎರಡು ಸಾವಿರ ಬುಕ್‌ಮಾರ್ಕ್ ಅಚ್ಚು ಹಾಕಿಸಿ ಪ್ರತಿ ಪುಸ್ತಕದೊಳಗೆ ಒಂದೊಂದು ಇಟ್ಟಿದ್ದರು. ಅದರ ಕ್ಯೂಆರ್ ಕೋಡ್ ಹಳೇ 'ನ್ಯೂ ಅರೈವಲ್ಸ್ ಡಾಟ್ ಡು' ಪುಟಕ್ಕೆ. ಅಚ್ಚಾದ ಕಾಗದಕ್ಕೆ ಪ್ಯಾಚ್ ಬಿಡುಗಡೆ ಮಾಡೋಕಾಗುತ್ತಾ?

ಆಮೇಲೆ ಮೊದಲೇ ಮಾಡಬೇಕಾದ ಕೆಲಸ ಮಾಡಿದೆ. ಒಂದು ವರ್ಷದ ಆಕ್ಸೆಸ್ ಲಾಗ್ ತೆಗೆದು, ಜನ ನಿಜವಾಗಿ ಯಾವ್ಯಾವ ವಿಳಾಸಕ್ಕೆ ಬಂದಿದ್ದಾರೆ ಅಂತ ಎಣಿಸಿ, ಪ್ರತಿಯೊಂದಕ್ಕೂ ಹೊಸ ಮನೆ ತೋರಿಸಿದೆ. ಆ ಪಟ್ಟಿಯಲ್ಲೇ ಸಿಕ್ಕಿದ್ದು ಪೇಮೆಂಟ್ ಗೇಟ್‌ವೇಯವರು ಹಣ ಬಂದ ಮೇಲೆ ವಿವರ ಪೋಸ್ಟ್ ಮಾಡುವ ವಿಳಾಸ. ಅದಕ್ಕೂ 301 ಹಾಕಿದ್ದರೆ ಬ್ರೌಸರ್ ಪೋಸ್ಟನ್ನು ಗೆಟ್ ಮಾಡಿಕೊಂಡು ಹೋಗಿ ವಿವರವೆಲ್ಲ ದಾರಿಯಲ್ಲೇ ಉದುರುತ್ತಿತ್ತು. ದುಡ್ಡು ಕಟ್ಟಿದವರ ಆರ್ಡರ್ 'ದುಡ್ಡು ಬಂದಿಲ್ಲ' ಅಂತ ಕೂರುತ್ತಿತ್ತು, ಅದೂ ನವೆಂಬರಿನಲ್ಲಿ. ಅದೊಂದನ್ನು ಒಳಗೊಳಗೇ ತಿರುಗಿಸಿ ಬಿಟ್ಟೆ.

ಇಷ್ಟರಲ್ಲಿ ಚಿಕ್ಕಪ್ಪನ ತಕರಾರು ಬಂತು. "ಕನ್ನಡ ಪುಸ್ತಕದಂಗಡಿ. ವಿಳಾಸದಲ್ಲಿ ಕನ್ನಡ ಯಾಕಿಲ್ಲ?"

ನ್ಯಾಯವಾದ ಪ್ರಶ್ನೆ. ಕನ್ನಡ ವಿಕಿಪೀಡಿಯ ಪುಟಗಳ ವಿಳಾಸ ಕನ್ನಡದಲ್ಲೇ ಇರುತ್ತಲ್ಲ. ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ. ಬ್ರೌಸರ್ ಮೇಲುಗಡೆ ಕನ್ನಡ ತೋರಿಸಿದರೂ ಒಳಗೆ ಓಡಾಡೋದು ಶೇಕಡಾ ಚಿಹ್ನೆಯ ಚಿತ್ರಾನ್ನ. 'ಕನ್ನಡ' ಅನ್ನೋ ಪದ ಯೂನಿಕೋಡಿನಲ್ಲಿ ಐದು ಸಂಕೇತ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟ್, ಬೈಟಿಗೊಂದು ಶೇಕಡಾ ಚಿಹ್ನೆ ಮತ್ತೆರಡು ಅಕ್ಷರ. ಐದು ಮೂರಲಿ ಹದಿನೈದು, ಹದಿನೈದು ಮೂರಲಿ ನಲವತ್ತೈದು. ಮೂರಕ್ಷರದ ಕನ್ನಡ ವಿಳಾಸದಲ್ಲಿ ನಲವತ್ತೈದು ಅಕ್ಷರ!

ಇಬ್ಬರೂ ರಾಜಿಯಾದೆವು. ವಿಳಾಸ 'ಬಿ ಸ್ಲ್ಯಾಶ್ 4827', ಅದರ ಮುಂದೆ ಇನ್ನೊಂದು ಸ್ಲ್ಯಾಶ್ ಹಾಕಿ ಕನ್ನಡದಲ್ಲಿ ಪುಸ್ತಕದ ಹೆಸರು. ಸರ್ವರ್ ನೋಡೋದು ಸಂಖ್ಯೆಯನ್ನು ಮಾತ್ರ, ಹೆಸರು ಓದುವವರಿಗೆ. ಹೆಸರು ಬಿಟ್ಟರೂ ಪುಟ ಬರುತ್ತೆ, ತಪ್ಪಾಗಿ ಬರೆದರೂ ಬರುತ್ತೆ, ಬಂದ ಮೇಲೆ ಸರಿಯಾದ ಹೆಸರಿಗೆ ತಿರುಗುತ್ತೆ. ಫೋನಿನಲ್ಲಿ ಹೇಳೋಕೆ ಚಿಕ್ಕದು, ಬ್ರೌಸರಿನಲ್ಲಿ ನೋಡೋಕೆ ಕನ್ನಡ. ಟಾಮ್‌ಕ್ಯಾಟ್ 7 ವಿಳಾಸವನ್ನು ಯುಟಿಎಫ್-8 ಅಂತ ಓದಬೇಕಾದರೆ ಕನೆಕ್ಟರಿನಲ್ಲಿ 'ಯುಆರ್‌ಐ ಎನ್‌ಕೋಡಿಂಗ್' ಹೇಳಬೇಕು. 8ರಿಂದ ಅದು ತಾನಾಗೇ ಇದೆ.

ವಿಷಯವಾರು ಪುಟಗಳಿಗೆ ಮಾತ್ರ ಸಂಖ್ಯೆ ಬೇಡ, ಬರೀ ಕನ್ನಡ ಇರಲಿ ಅಂದುಕೊಂಡೆ. ವಿಷಯ ಸ್ಲ್ಯಾಶ್ ಇತಿಹಾಸ, ವಿಷಯ ಸ್ಲ್ಯಾಶ್ ಅಡುಗೆ, ಹೀಗೆ. ಹೆಸರಿನಿಂದ ಅಲ್ಪವಿರಾಮ, ಆವರಣ ಎಲ್ಲ ಕಿತ್ತು ವಿಳಾಸ ಮಾಡುವ ಒಂದು ಸಾಲಿನ ರೆಜೆಕ್ಸ್ ಬರೆದೆ: ಅಕ್ಷರ, ಅಂಕಿ, ಸಣ್ಣ ಗೆರೆ ಬಿಟ್ಟು ಉಳಿದದ್ದೆಲ್ಲ ತೆಗಿ. ಇಂಗ್ಲಿಷ್‌ನ ಎ-ಯಿಂದ-ಜೆಡ್ ಅಂತ ಬರೆದರೆ ಕನ್ನಡ ಪೂರ್ತಿ ಅಳಿಸಿಹೋಗುತ್ತೆ ಅಂತ ಗೊತ್ತಿತ್ತು. ಅದಕ್ಕೇ ಜಾಣನಂತೆ ಯೂನಿಕೋಡ್ ಅಕ್ಷರಗಳ ವರ್ಗ, 'ಪಿ ಎಲ್', ಬಳಸಿದ್ದೆ.

ಸಂಜೆ ಚಿಕ್ಕಪ್ಪ ಕೂಗಿದರು. "ಎಂಥದೋ ಇದು ಮಾರಾಯ, ಮೈಸೂರು ಒತ್ತಿದ್ರೆ ಮೊಸರು ಬರ್ತಿದೆ!"

ನಿಜವಾಗಿಯೂ ಮೈಸೂರಿನ ಅರಮನೆಗಳ ಪುಸ್ತಕದ ಪಕ್ಕ ಮೊಸರು-ಮಜ್ಜಿಗೆಯ ಮನೆಮದ್ದು ಕೂತಿತ್ತು. ಯೂನಿಕೋಡಿನ ಲೆಕ್ಕದಲ್ಲಿ ನಮ್ಮ ಗುಣಿತ ಚಿಹ್ನೆಗಳು 'ಅಕ್ಷರ' ಅಲ್ಲ, 'ಗುರುತು'. ಒತ್ತಕ್ಷರ ಮಾಡುವ ಚಿಹ್ನೆಯೂ ಅಷ್ಟೆ, ಅನುಸ್ವಾರವೂ ಅಷ್ಟೆ. ನನ್ನ ರೆಜೆಕ್ಸ್ ಎಲ್ಲವನ್ನೂ ಬೋಳಿಸಿತ್ತು. ಬೆಂಗಳೂರು 'ಬಗಳರ' ಆಗಿತ್ತು. ಕನ್ನಡ 'ಕನನಡ'. ಮೈಸೂರಿನ ಐ, ಊ, ಉ ಕಿತ್ತರೆ 'ಮಸರ'. ಮೊಸರಿನ ಒ, ಉ ಕಿತ್ತರೂ 'ಮಸರ'. ಒಂದೇ ವಿಳಾಸಕ್ಕೆ ಇಬ್ಬರು. 'ಪಿ ಎಲ್' ಪಕ್ಕ 'ಪಿ ಎಂ' ಅಂತ ಸೇರಿಸಿದೆ, ಅರಸರ ಊರು ಅರಸರಿಗೆ, ಮೊಸರು ಅಡುಗೆಮನೆಗೆ ಹೋಯ್ತು. ಚಿಕ್ಕಮ್ಮ ಈಗಲೂ ಊಟಕ್ಕೆ ಕೂತಾಗ "ಸ್ವಲ್ಪ ಮೈಸೂರು ಹಾಕ್ಲೇನೋ?" ಅಂತಾರೆ.

ಇನ್ನೂ ಎರಡು ಕಣ್ಣಿಗೆ ಕಾಣದ ತಂಟೆಗಳಿದ್ದವು. 'ರಾಜ್‌ಕುಮಾರ್' ಅಂತ ಬರೆಯುವಾಗ ಜ್ ಕೆಳಗೆ ಕು ಒತ್ತಾಗದಿರಲಿ ಅಂತ ನಡುವೆ ಒಂದು ಅಗೋಚರ ಸಂಕೇತ ಹಾಕ್ತೀವಿ. ಹಾಕಿದ್ದು ಒಂದು ವಿಳಾಸ, ಹಾಕದ್ದು ಇನ್ನೊಂದು. ಹಾಗೇ 'ಕೋ' ಅನ್ನೋದನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಕೊ-ಗೆ ದೀರ್ಘದ ಗುರುತು ಸೇರಿಸಿಯೂ ಇಡಬಹುದು. ಹಳೇ ಫೈಲುಗಳಿಂದ ಯೂನಿಕೋಡಿಗೆ ತಂದ ಹೆಸರುಗಳಲ್ಲಿ ಎರಡೂ ಬೆರೆತಿದ್ದವು. ಜಾವಾದ ನಾರ್ಮಲೈಸರ್ ಕ್ಲಾಸಿಗೆ ಎನ್‌ಎಫ್‌ಸಿ ಅಂತ ಹೇಳಿದರೆ ಎರಡನೆಯದು ಸರಿಹೋಗುತ್ತೆ. ಅಗೋಚರ ಸಂಕೇತವನ್ನು ಹುಡುಕಾಟದ ಮಟ್ಟಿಗೆ ಕಿತ್ತುಹಾಕಿ, ಪುಟದ ಮೇಲೆ ತೋರಿಸುವ ಹೆಸರಿನಲ್ಲಿ ಹಾಗೇ ಉಳಿಸಿದೆ.

ನಾಲ್ಕನೇ ದಿನ ರಾತ್ರಿ ಎಂಟಕ್ಕೆ ಎಲ್ಲ ಮುಗೀತು. ನನಗೆ ಹನ್ನೊಂದಕ್ಕೆ ಬೆಂಗಳೂರಿನ ಬಸ್ಸು. ಮುಂದಿನ ವರ್ಷ ಒಳಗಿನ ಸ್ಟ್ರಟ್ಸ್ ತೆಗೆದು ಸ್ಪ್ರಿಂಗ್ ಬೂಟ್ ಹಾಕೋಣ, ಆಗಲೂ 'ಬಿ ಸ್ಲ್ಯಾಶ್ 4827' ಹೀಗೇ ಇರುತ್ತೆ ಅಂತ ಚಿಕ್ಕಪ್ಪನಿಗೆ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಹಳೇ ಲೆಕ್ಕದ ಪುಸ್ತಕ ತೆಗೆದು ಒಂದು ನಂಬರ್ ಹುಡುಕಿ ಫೋನ್ ಮಾಡಿದರು.

ಮಳೆ ಹೇಗಿದೆ, ಅಮ್ಮ ಹೇಗಿದ್ದಾರೆ, ಮೊಬೈಲ್ ಅಂಗಡಿಯಲ್ಲಿ ಎಷ್ಟು ಕೊಡ್ತಾರೆ. ಐದು ನಿಮಿಷ ಅದೇ ಮಾತು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತು ಸ್ಟಾಕ್ ವಿಷ್ಯ ಇತ್ತಲ್ಲ. ಅದು ನೀನಲ್ಲ ಮಾರಾಯ. ಲಿಂಕು" ಅಂದರು.

ಸ್ಪೀಕರ್ ಆನ್ ಇರಲಿಲ್ಲ, ಆದರೂ ಆ ಕಡೆಯ ದನಿ ನನಗೆ ಕೇಳಿಸಿತು. "ನಾನಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ ಸಾರ್."

ಚಿಕ್ಕಪ್ಪ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು. "ಹೌದು. ನಂಗೇ ಗೊತ್ತಿರಲಿಲ್ಲ" ಅಂದರು. ನವೆಂಬರಿನಲ್ಲಿ ಭಾನುವಾರಗಳಾದರೂ ಪಾರ್ಸೆಲ್ ಕಟ್ಟೋಕೆ ಬರ್ತೀಯಾ ಅಂತ ಕೇಳಿದರು. ಅವನು ಏನಂದನೋ ಕೇಳಿಸಲಿಲ್ಲ. ನಾನು ಬ್ಯಾಗ್ ತರೋಕೆ ಒಳಗೆ ಹೋಗಿದ್ದೆ.